ಉಬ್ಬಸದಲ್ಲಿ ಕಷ್ಟವಾಗುವುದು ಉಸಿರು ಬಿಡುವುದು

ಉಬ್ಬಸ ಬಂದು ಏದುಸಿರು ಬಿಡುತ್ತಿರುವವರಿಗೆ ಪಕ್ಕದಲ್ಲಿರುವವರು ಮೊದಲು ಹೇಳುವ ಮಾತು: ‘ಜೋರಾಗಿ ಉಸಿರು ಎಳ್ಕೋ.’ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಹೊತ್ತಿಗೆ ಎದೆಯೊಳಗೆ ಗಾಳಿ ಆಗಲೇ ತುಂಬಿ ಕೂತಿರುತ್ತದೆ. ಅದು ಹೊರಗೆ ಹೋಗುತ್ತಿಲ್ಲ ಅನ್ನುವುದೇ ತೊಂದರೆ.

ಉಸಿರು ಎಳೆದಾಗ ಎದೆ ಹಿಗ್ಗುತ್ತದೆ, ಒಳಗಿನ ನಾಳಗಳೂ ತುಸು ಅಗಲವಾಗುತ್ತವೆ. ಬಿಟ್ಟಾಗ ಎದೆ ಕುಗ್ಗುತ್ತದೆ, ನಾಳಗಳೂ ಕಿರಿದಾಗುತ್ತವೆ. ಆರೋಗ್ಯವಾಗಿರುವವರಿಗೆ ಇದು ಗೊತ್ತೇ ಆಗುವುದಿಲ್ಲ. ಅಸ್ತಮಾ ಇದ್ದವರ ನಾಳಗಳ ಒಳಪದರ ಊದಿಕೊಂಡಿರುತ್ತದೆ, ಸುತ್ತಲಿನ ಸ್ನಾಯು ಬಿಗಿದಿರುತ್ತದೆ, ಮೇಲೆ ಕಫ ಬೇರೆ. ಹಾಗಾಗಿ ಬಿಡುವಾಗಿನ ಆ ಚೂರು ಕಿರಿದಾಗುವಿಕೆಯೇ ದಾರಿ ಕಟ್ಟಿಬಿಡುತ್ತದೆ. ಸುಯ್ ಅನ್ನುವ ಶಬ್ದ ಹೆಚ್ಚಾಗಿ ಉಸಿರು ಬಿಡುವಾಗಲೇ ಕೇಳಿಸುವುದು ಇದಕ್ಕೇ. ಹಳೆಯ ಗಾಳಿ ಪೂರ್ತಿ ಹೊರಗೆ ಹೋಗುವ ಮೊದಲೇ ಹೊಸ ಉಸಿರು ಬಂದು ಅದರ ಮೇಲೆ ಕೂರುತ್ತದೆ.

ನಿಮಗೆ ಅಸ್ತಮಾ ಇಲ್ಲದಿದ್ದರೆ ಹೀಗೆ ಮಾಡಿ ನೋಡಿ. ಎದೆ ತುಂಬ ಉಸಿರು ಎಳೆಯಿರಿ. ಕಾಲು ಭಾಗ ಮಾತ್ರ ಬಿಡಿ, ಮತ್ತೆ ಎಳೆಯಿರಿ. ಮತ್ತೆ ಕಾಲು ಭಾಗ ಬಿಡಿ. ನಾಲ್ಕೈದು ಸಲ ಆಗುವಷ್ಟರಲ್ಲಿ ಎದೆ ಬಿಗಿದು ಗಾಬರಿಯಾಗತೊಡಗುತ್ತದೆ, ಅಲ್ವಾ? ಒಳಗೆ ಬೇಕಾದಷ್ಟು ಗಾಳಿ ಇದೆ, ಆದರೂ ಉಸಿರು ಸಾಲುತ್ತಿಲ್ಲ ಅನ್ನಿಸುತ್ತದೆ. ಉಬ್ಬಸದ ಕಷ್ಟ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಗಾಬರಿಯಾದಾಗ ನಾವು ಬೇಗ ಬೇಗ, ಮೇಲೆ ಮೇಲೆ ಉಸಿರಾಡುತ್ತೇವೆ. ಇದರಿಂದ ಎಷ್ಟು ನಷ್ಟ ಅಂತ ಲೆಕ್ಕ ಹಾಕಬಹುದು. ಸುಮ್ನೆ ಕೂತಾಗ ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ ಒಳಗೆ ಹೋಗುತ್ತದೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ನಾಳಗಳಲ್ಲೇ ಉಳಿಯುತ್ತದೆ, ಆಮ್ಲಜನಕ ರಕ್ತಕ್ಕೆ ಸೇರುವ ಗಾಳಿಗೂಡುಗಳನ್ನು ಮುಟ್ಟುವುದೇ ಇಲ್ಲ. ನಿಮಿಷಕ್ಕೆ 12 ಸಲ ಹೀಗೆ ಉಸಿರಾಡಿದರೆ ಗೂಡುಗಳಿಗೆ 4.2 ಲೀಟರ್ ತಲುಪುತ್ತದೆ. ಅದೇ 250 ಮಿಲಿಲೀಟರಿನ ಪುಟ್ಟ ಉಸಿರನ್ನು 24 ಸಲ ಎಳೆದರೆ ತಲುಪುವುದು ಬರೀ 2.4 ಲೀಟರ್. ಎರಡರಲ್ಲೂ ಒಳಗೆ ಹೋದ ಗಾಳಿ ಒಟ್ಟು 6 ಲೀಟರೇ. ಎರಡನೆಯದರಲ್ಲಿ ಶ್ರಮ ಜಾಸ್ತಿ, ಫಲ ಕಡಿಮೆ.

ಬೇಗ ಬೇಗ, ಜೊತೆಗೆ ದೊಡ್ಡದಾಗಿಯೂ ಉಸಿರಾಡಿದರೆ ಬೇರೆ ತೊಂದರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಕಡಿಮೆಯಾಗುತ್ತದೆ. ತಲೆ ಹಗುರಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ, ಎದೆ ಬಿಗಿಯುತ್ತದೆ. ಅಸ್ತಮಾ ಜಾಸ್ತಿಯಾಯಿತು ಅಂದುಕೊಂಡು ಮತ್ತಷ್ಟು ಹೆದರುತ್ತೇವೆ, ಮತ್ತಷ್ಟು ಬೇಗ ಉಸಿರಾಡುತ್ತೇವೆ.

ಸೋವಿಯತ್ ಒಕ್ಕೂಟದ ವೈದ್ಯ ಕಾನ್ಸ್ಟಾಂಟಿನ್ ಬುಟೇಕೊ 1950ರ ದಶಕದಲ್ಲಿ ಇದನ್ನೇ ಹಿಡಿದುಕೊಂಡರು. ಅತಿಯಾಗಿ ಉಸಿರಾಡುವುದೇ ಅಸ್ತಮಾದ ಮೂಲ ಎಂದರು. ಮೂಗಿನಿಂದಲೇ, ಕಡಿಮೆ, ಸದ್ದಿಲ್ಲದೆ ಉಸಿರಾಡಲು ಕಲಿಸಿದರು. ಅವರು ಹೇಳಿದ ಕಾರಣ ನಿಲ್ಲಲಿಲ್ಲ. ಅಸ್ತಮಾದ ಮೂಲ ನಾಳಗಳ ಉರಿಯೂತ. ಆದರೆ ಅವರ ಅಭ್ಯಾಸದಿಂದ ಜನರಿಗೆ ಹಗುರವಾಗಿದ್ದು ಸುಳ್ಳಲ್ಲ. 1998ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ, ಈ ವಿಧಾನ ಕಲಿತವರು ನಾಳ ಸಡಿಲಿಸುವ ಔಷಧಿಯನ್ನು ಮೊದಲಿಗಿಂತ ತುಂಬ ಕಡಿಮೆ ಬಳಸಿದರು. ಶ್ವಾಸಕೋಶದ ಪರೀಕ್ಷೆಯ ಅಂಕಿ ಮಾತ್ರ ಇದ್ದಲ್ಲೇ ಇತ್ತು.

ಮುಂದೆಯೂ ಹೆಚ್ಚಾಗಿ ಇದೇ ಕಥೆ. 2018ರಲ್ಲಿ ಬ್ರಿಟನ್ನಿನ ಸಂಶೋಧಕರು 655 ಜನರ ಅಧ್ಯಯನ ಪ್ರಕಟಿಸಿದರು. ಕೆಲವರಿಗೆ ಫಿಸಿಯೋಥೆರಪಿಸ್ಟ್ ಎದುರು ಕೂತು ಉಸಿರಾಟ ಕಲಿಸಿದರು, ಕೆಲವರಿಗೆ ಡಿವಿಡಿ ಮತ್ತು ಕಿರುಹೊತ್ತಗೆ ಕೊಟ್ಟರು, ಉಳಿದವರಿಗೆ ಎಂದಿನ ಚಿಕಿತ್ಸೆ ಮಾತ್ರ. ಒಂದು ವರ್ಷದ ನಂತರ, ಕಲಿತ ಎರಡೂ ಗುಂಪಿನವರ ದಿನನಿತ್ಯದ ಬದುಕು ಸುಧಾರಿಸಿತ್ತು. ಡಿವಿಡಿ ನೋಡಿ ಕಲಿತವರೂ ಹಿಂದೆ ಬೀಳಲಿಲ್ಲ. ಆದರೆ ನಾಳಗಳ ಉರಿಯೂತ ಇಳಿಯಲಿಲ್ಲ, ಶ್ವಾಸಕೋಶದ ಬಲ ಹೆಚ್ಚಲಿಲ್ಲ.

ಇದನ್ನು ಓದಿ ‘ಹಾಗಾದರೆ ಏನು ಬಂತು?’ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮೆಟ್ಟಿಲು ಹತ್ತುವಾಗ ಹೆದರದಿರುವುದು, ರಾತ್ರಿ ನಿದ್ದೆ ಬರುವುದು ಸಣ್ಣ ವಿಷಯವಲ್ಲ. ಆದರೆ ಹಗುರವಾಯಿತು ಅಂತ ಇನ್ಹೇಲರ್ ಬದಿಗಿಡುವುದು ಅಪಾಯ. ಊತ ಇಳಿಸುವುದು ಇನ್ಹೇಲರಿನ ಸ್ಟೀರಾಯ್ಡ್. ಆರಾಮವಾಗಿದ್ದೇವೆ ಅನ್ನಿಸುವಾಗಲೂ ಊತ ಒಳಗೆ ಇರಬಹುದು. ಔಷಧಿ ಕಡಿಮೆ ಮಾಡುವುದಿದ್ದರೆ ವೈದ್ಯರ ಜೊತೆ ಮಾತಾಡಿಯೇ ಮಾಡಬೇಕು.

ಅಭ್ಯಾಸ ಕಷ್ಟದ್ದಲ್ಲ. ಆರಾಮವಾಗಿರುವ ಹೊತ್ತಿನಲ್ಲಿ ಕಲಿಯಬೇಕು. ಬೆನ್ನಿಗೆ ಆಸರೆ ಕೊಟ್ಟು ಕೂತು, ಹೆಗಲು ಸಡಿಲ ಬಿಡಿ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಮೂಗಿನಿಂದ ಮೆಲ್ಲಗೆ ಎಳೆದಾಗ ಹೊಟ್ಟೆಯ ಮೇಲಿನ ಕೈ ಏಳಬೇಕು, ಎದೆಯ ಮೇಲಿನದು ಹೆಚ್ಚು ಅಲುಗಬಾರದು. ಹೊಟ್ಟೆ ಮತ್ತು ಎದೆಯ ನಡುವೆ ಇರುವ ವಪೆ ಎಂಬ ಸ್ನಾಯು ಕೆಳಗಿಳಿಯುತ್ತಿದೆ ಎನ್ನುವುದರ ಗುರುತು ಅದು. ಎರಡು ಎಣಿಸುವಷ್ಟು ಎಳೆದರೆ ನಾಲ್ಕು ಎಣಿಸುವಷ್ಟು ಬಿಡಿ. ಬಲವಂತವಾಗಿ ದಬ್ಬಬೇಡಿ. ದಬ್ಬಿದರೆ ನಾಳಗಳು ಮತ್ತಷ್ಟು ಕಿರಿದಾಗುತ್ತವೆ. ಬಿಡುವುದು ಕಷ್ಟ ಅನ್ನಿಸಿದರೆ ಶಿಳ್ಳೆ ಹಾಕುವಂತೆ ತುಟಿ ಮಾಡಿ ಬಿಡಿ. ಬಾಯಲ್ಲಿ ಉಂಟಾಗುವ ತಡೆಯಿಂದ ಒಳಗಿನ ನಾಳಗಳು ಮುಚ್ಚಿಕೊಳ್ಳದೆ ತೆರೆದಿರುತ್ತವೆ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ.

ಮೂಗಿನಿಂದ ಎನ್ನುವುದಕ್ಕೂ ಕಾರಣವಿದೆ. ತಣ್ಣನೆಯ ಒಣಗಾಳಿ ನೇರವಾಗಿ ತಾಗಿದರೆ ಅಸ್ತಮಾ ಇದ್ದವರ ನಾಳಗಳು ಬಿಗಿಯುತ್ತವೆ. ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಸೇರಿಸಿ, ಧೂಳು ಸೋಸಿ ಒಳಗೆ ಕಳಿಸುತ್ತದೆ.

ಅಸ್ತಮಾ ಇಲ್ಲದವರಿಗೂ ನಿಧಾನದ ಉಸಿರು ಒಳ್ಳೆಯದು. 2001ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನ ನನಗೆ ತುಂಬ ಇಷ್ಟ. ಲ್ಯಾಟಿನ್ ಪ್ರಾರ್ಥನೆ ಹೇಳುವವರ ಉಸಿರೂ, ಯೋಗದ ಮಂತ್ರ ಹೇಳುವವರ ಉಸಿರೂ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ರಕ್ತದೊತ್ತಡದ ಏರಿಳಿತಕ್ಕೆ ಸುಮಾರು 10 ಸೆಕೆಂಡಿನ ತನ್ನದೇ ಒಂದು ಲಯ ಇದೆ. 6ರ ಉಸಿರು ಅದಕ್ಕೆ ಸರಿಯಾಗಿ ಹೊಂದುತ್ತದೆ. ಹೃದಯದ ಬಡಿತವೂ ಅದೇ ತಾಳಕ್ಕೆ ಬರುತ್ತದೆ. ನಿಧಾನದ ಉಸಿರಾಟದಿಂದ ರಕ್ತದೊತ್ತಡ ತುಸು ಇಳಿಯುವುದೂ ಕಂಡುಬಂದಿದೆ. ಆದರೂ ದಿನವೂ ಬಿರುಸಾಗಿ ನಡೆಯುವುದರ ಬದಲಿಗೆ ಇದು ಅಂದುಕೊಳ್ಳಬೇಡಿ. ನಡಿಗೆಯೂ ಬೇಕು.

ಒಂದು ಹೊತ್ತಿನಲ್ಲಿ ಮಾತ್ರ ಅಭ್ಯಾಸದ ಮಾತೇ ಬೇಡ. ಒಂದು ವಾಕ್ಯ ಪೂರ್ತಿ ಹೇಳಲಾಗುತ್ತಿಲ್ಲ, ತುಟಿ ನೀಲಿಯಾಗುತ್ತಿದೆ, ಇನ್ಹೇಲರ್ ತೆಗೆದುಕೊಂಡರೂ ಇಳಿಯುತ್ತಿಲ್ಲ ಅಂದರೆ ನೇರವಾಗಿ ಕೂರಿಸಿ, ತಕ್ಷಣ ಆಂಬುಲೆನ್ಸ್ ಕರೆಸಿ. ಸುಯ್ ಶಬ್ದ ಇದ್ದಕ್ಕಿದ್ದಂತೆ ನಿಂತು, ಉಸಿರಿನ ಕಷ್ಟ ಹಾಗೇ ಇದ್ದರೆ ಕಡಿಮೆಯಾಯಿತು ಅಂದುಕೊಳ್ಳಬೇಡಿ. ಶಬ್ದ ಮಾಡುವಷ್ಟು ಗಾಳಿಯೂ ಆಡುತ್ತಿಲ್ಲ ಅಂತ ಅದರ ಅರ್ಥ.