ಮಲ ಡಾಂಬರಿನಂತೆ ಕಪ್ಪಾದರೆ

ಬದಿಯಡ್ಕದ ಹತ್ತಿರ ನಮ್ಮ ಅಪ್ಪಚ್ಚಿಯ ಅಡಿಕೆ ತೋಟ. ಕೊಯ್ಲಿನ ದಿನಗಳಲ್ಲಿ ಸೊಂಟನೋವಿಗೆಂದು ದಿನಾ ನೋವಿನ ಮಾತ್ರೆ ನುಂಗುತ್ತಿದ್ದರು. ಒಂದು ಬೆಳಿಗ್ಗೆ ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಯಿತು. ಉಷ್ಣ ಆಗಿರಬೇಕು ಎಂದು ಎರಡು ದಿನ ಮಜ್ಜಿಗೆ ಕುಡಿದು ಸುಮ್ನೆ ಕೂತರು. ಮೂರನೇ ದಿನ ಅಂಗಳದಲ್ಲಿ ತಲೆ ಸುತ್ತಿ ಬಿದ್ದರು. ತಲಪಾಡಿ ದಾಟಿ ಮಂಗಳೂರು ಸೇರುವಷ್ಟರಲ್ಲಿ ಕೈಕಾಲು ತಣ್ಣಗಾಗಿತ್ತು.

ಆ ಕಪ್ಪು ಬಣ್ಣ ರಕ್ತದ್ದು. ಜಠರದ ಆಮ್ಲ, ಕರುಳಿನ ಬ್ಯಾಕ್ಟೀರಿಯಾ ಎರಡೂ ಸೇರಿ ಅದರ ಕೆಂಪನ್ನು ಕಳೆಯುತ್ತವೆ. ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ, ನಿಜ. ಆದರೆ ಅಂಟು, ಕೆಟ್ಟ ವಾಸನೆ, ಜೊತೆಗೆ ಸುಸ್ತು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು.

ಊಟ ಮಾಡಿ ಮಾತ್ರೆ ತಗೊಂಡರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಜಾಸ್ತಿ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮದ್ದುಗಳು ರಕ್ತಕ್ಕೆ ಸೇರಿಯೂ ಜಠರದ ಒಳಪದರದ ಕಾವಲನ್ನು ತಗ್ಗಿಸುತ್ತವೆ. ಆಗ ಅಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು. ಇಂಜೆಕ್ಷನ್ ಆದರೂ ಅಷ್ಟೇ. ಹುಣ್ಣಿನ ಇನ್ನೊಂದು ಕಾರಣ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ. 1984ರಲ್ಲಿ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಅದನ್ನು ತಾನೇ ಕುಡಿದು, ಹೊಟ್ಟೆಯ ಉರಿಯೂತ ತಂದುಕೊಂಡು ತೋರಿಸಿದರು. 2005ರಲ್ಲಿ ಸಹೋದ್ಯೋಗಿ ರಾಬಿನ್ ವಾರೆನ್ ಜೊತೆ ಅವರಿಗೆ ನೊಬೆಲ್ ಬಂತು.

ಆಸ್ಪತ್ರೆಯಲ್ಲಿ ಮೊದಲು ಸಲೈನ್, ಬೇಕಾದರೆ ರಕ್ತ. ಬಿಪಿ ಸ್ವಲ್ಪ ನಿಂತ ಮೇಲೆ, ಸಾಮಾನ್ಯವಾಗಿ 24 ಗಂಟೆಯೊಳಗೆ, ಎಂಡೋಸ್ಕೋಪಿ. ಬಾಯಿಯಿಂದ ಇಳಿಸುವ ಕೊಳವೆ ಕಿರುಬೆರಳಿನಷ್ಟು ದಪ್ಪ, ತುದಿಯಲ್ಲಿ ಕ್ಯಾಮೆರಾ. ಹುಣ್ಣಿನ ತಳ ಬೆಳ್ಳಗೆ, ಶುಭ್ರವಾಗಿದ್ದರೆ ಮದ್ದೇ ಸಾಕು. ರಕ್ತ ಚಿಮ್ಮುತ್ತಿದ್ದರೆ ಅಥವಾ ರಕ್ತನಾಳದ ಮೊನೆ ಹೊರಗೆ ಕಾಣುತ್ತಿದ್ದರೆ ಅದೇ ಕೊಳವೆಯೊಳಗಿನಿಂದ ಸಲಕರಣೆ ತೂರಿಸಿ ಕೆಲಸ ಶುರು. ಸುತ್ತ ಅಡ್ರಿನಲಿನ್ ಚುಚ್ಚಿದರೆ ರಕ್ತನಾಳ ಕುಗ್ಗುತ್ತದೆ, ಹರಿವು ನಿಲ್ಲುತ್ತದೆ. ಆದರೆ ಅದರ ಬಲ ಬೇಗ ಇಳಿಯುತ್ತದೆ. ಅದಕ್ಕೇ ಒಂದು ಪುಟ್ಟ ಲೋಹದ ಕ್ಲಿಪ್ಪನ್ನೂ ಹಾಕುತ್ತಾರೆ, ಹಗ್ಗದ ಮೇಲಿನ ಬಟ್ಟೆಗೆ ಹಾಕುತ್ತೇವಲ್ವಾ, ಹಾಗೆ. ಇಲ್ಲವೇ ಬಿಸಿ ತಾಗಿಸಿ ರಕ್ತನಾಳವನ್ನು ಮುಚ್ಚುತ್ತಾರೆ. ಕ್ಲಿಪ್ ಆಮೇಲೆ ತಾನಾಗಿ ಉದುರಿ ಮಲದಲ್ಲಿ ಹೋಗುತ್ತದೆ. ಹೊಟ್ಟೆ ಕೊಯ್ಯದೆ ಇಷ್ಟಾಗುತ್ತದೆ ಎಂದರೆ ನನಗೆ ಇಂದಿಗೂ ಬೆರಗು.

ಆಮ್ಲ ಇರುವಲ್ಲಿ ಹೆಪ್ಪುಗಟ್ಟಿದ ರಕ್ತ ನಿಲ್ಲುವುದಿಲ್ಲ. ಹಾಗಾಗಿ 72 ಗಂಟೆ ಆಮ್ಲ ತಗ್ಗಿಸುವ ಮದ್ದನ್ನು ರಕ್ತನಾಳದ ಮೂಲಕ ಕೊಟ್ಟರು. ಮತ್ತೆ ಸುರಿಯುವ ಭಯ ಈ ಮೂರು ದಿನಗಳಲ್ಲೇ ಜಾಸ್ತಿ.

ಮೊದಲ ಪರೀಕ್ಷೆಯಲ್ಲಿ ಅಪ್ಪಚ್ಚಿಗೆ ಪೈಲೊರಿ ಕಾಣಲಿಲ್ಲ. ರಕ್ತ ಸುರಿಯುವ ಹೊತ್ತಲ್ಲಿ ಅದು ಕೆಲವೊಮ್ಮೆ ಸಿಗುವುದಿಲ್ಲವಂತೆ. ಕೆಲವು ವಾರ ಬಿಟ್ಟು ಮತ್ತೆ ನೋಡಿದಾಗ ಸಿಕ್ಕಿತು, 14 ದಿನ ಆಂಟಿಬಯೋಟಿಕ್ ಆಯಿತು. ಸೊಂಟನೋವು ಈಗಲೂ ಇದೆ. ಡಾಕ್ಟರು ಹೇಳಿದಂತೆ ಪ್ಯಾರಸಿಟಮಾಲ್ ಒಂದೇ. ಅಡಿಕೆ ಮೂಟೆ ಈಗ ಮಗ ಹೊರುತ್ತಾನೆ.