ಕಲಂ ಆಮೇಲೆ, ಮೊದಲು ಚೀಲ ಬಿಚ್ಚಿ

ನಾನು ಶಿರಸಿಯಲ್ಲಿ ವಕೀಲೆ. ಕಾನೂನು ಅರಿವು ಕಾರ್ಯಕ್ರಮಕ್ಕೆಂದು ಆಗಾಗ ಪ್ರೌಢಶಾಲೆಗಳಿಗೆ ಹೋಗುತ್ತೇನೆ. ಶಿರಸಿ, ಸಿದ್ದಾಪುರದ ಕಡೆ ಜಾಸ್ತಿ. ಕುಮಟಾ, ಅಂಕೋಲಾಕ್ಕೂ ಒಮ್ಮೊಮ್ಮೆ. ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ವ್ಯಾಪಾರದ ಕಾನೂನು ಅರ್ಥವಾಗುತ್ತದಾ ಎಂದು ಶಿಕ್ಷಕರು ಕೇಳುತ್ತಾರೆ. ಆಗುತ್ತದೆ. ಮನೆಯಲ್ಲಿ ಅಡಿಕೆಯ ದರ, ಫಸಲು ಗುತ್ತಿಗೆಯ ಮುಂಗಡ, ಅಂಗಡಿಯ ಉದ್ರಿ ಲೆಕ್ಕ ಕೇಳುತ್ತಲೇ ಬೆಳೆದ ಮಕ್ಕಳು ಇವರು. ವ್ಯವಹಾರ ಅವರಿಗೆ ಗೊತ್ತಿದೆ. ಅದಕ್ಕೆ ಕಾನೂನಿನಲ್ಲಿ ಏನು ಹೆಸರು ಎನ್ನುವುದಷ್ಟೇ ಗೊತ್ತಿಲ್ಲ.

ಮೊದಮೊದಲು ನಾನು 1872ರ ಕರಾರು ಕಾಯ್ದೆಯ ವ್ಯಾಖ್ಯೆಗಳಿಂದ ಶುರು ಮಾಡುತ್ತಿದ್ದೆ. ಪ್ರಸ್ತಾವ, ಒಪ್ಪಿಗೆ, ಪ್ರತಿಫಲ ಎಂದು ಬೋರ್ಡ್ ಮೇಲೆ ಬರೆದರೆ ಮಕ್ಕಳು ಚೆಂದವಾಗಿ ನಕಲು ಮಾಡಿಕೊಳ್ಳುತ್ತಿದ್ದರು. ಪ್ರಶ್ನೆ ಮಾತ್ರ ಒಂದೂ ಬರುತ್ತಿರಲಿಲ್ಲ. ಈಗ ಮೊದಲು ಜಗಳ ತರುತ್ತೇನೆ. ಕಲಂ ಕೊನೆಯ ಹತ್ತು ನಿಮಿಷಕ್ಕೆ.

ಘಟ್ಟದ ಮೇಲಿನ ಶಾಲೆಗಳಿಗೆ ನಾನು ಒಯ್ಯುವುದು ಒಂದು ಸಣ್ಣ ಗೋಣಿಚೀಲ. ಮೇಲೆ ಒಳ್ಳೆಯ ಚಾಲಿ, ಅಂದರೆ ಒಣಗಿಸಿ ಸುಲಿದ ಬಿಳಿ ಅಡಿಕೆ. ಕೆಳಗೆ ಕಡಿಮೆ ದರ್ಜೆಯ ಬಿಳೆಗೋಟು. ನಾಲ್ಕು ಮಕ್ಕಳು ಮಾರುವವರು, ನಾಲ್ಕು ಮಕ್ಕಳು ಕೊಳ್ಳುವವರು, ಮೂವರು ತೀರ್ಪು ಹೇಳುವವರು. ಮಾರುವವರು ಮೇಲಿನಿಂದ ಒಂದು ಮುಷ್ಟಿ ತೆಗೆದು ಮಾದರಿ ತೋರಿಸುತ್ತಾರೆ. ದರ ಕುದುರುತ್ತದೆ. ಆಮೇಲೆ ಚೀಲವನ್ನು ನೆಲಕ್ಕೆ ಸುರಿಯುತ್ತೇವೆ.

ಅಲ್ಲಿಂದ ಮುಂದೆ ನಾನು ಮಾತಾಡುವ ಅಗತ್ಯವೇ ಇರುವುದಿಲ್ಲ. ಒಂದು ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು, ಯಾವುದು ಚಾಲಿ, ಯಾವುದು ಬಿಳೆಗೋಟು, ಯಾವುದು ಕೋಕಾ ಎಂಬ ಕೀಳು ದರ್ಜೆಯದು ಎಂದು ಒಂದೊಂದೇ ಬೇರೆ ಮಾಡಿ ತೋರಿಸಿದ. ಅವನು ತರಗತಿಯಲ್ಲಿ ಬಾಯಿ ಬಿಟ್ಟಿದ್ದನ್ನೇ ನೋಡಿಲ್ಲ ಎಂದು ಅವನ ಶಿಕ್ಷಕಿ ಆಮೇಲೆ ಹೇಳಿದರು. ಮಾರುವ ಗುಂಪಿನವರೂ ಸುಮ್ಮನಿರಲಿಲ್ಲ. "ಕೈ ಹಾಕಿ ನೋಡಬೇಡಿ ಅಂದಿದ್ವಾ? ನೀವೇ ನೋಡಲಿಲ್ಲ" ಎಂದು ವಾದಿಸಿದರು. ಒಳ್ಳೆಯ ವಾದವೇ ಅಲ್ವಾ?

ತೀರ್ಪು ಹೇಳುವ ಮೂವರೂ ಕಾರಣ ಕೊಡಲೇಬೇಕು. "ಅದು ಮೋಸ" ಎಂದರೆ ನಾನು ಬಿಡುವುದಿಲ್ಲ. ಯಾಕೆ ಮೋಸ, ಏನು ಮಾತಾಗಿತ್ತು, ಏನು ಕೊಟ್ಟರು ಎಂದು ಬಿಡಿಸಿ ಹೇಳಬೇಕು. ಅದಾದ ಮೇಲೆ 1930ರ ಸರಕು ಮಾರಾಟ ಕಾಯ್ದೆಯ 17ನೇ ಕಲಂ ಓದುತ್ತೇನೆ. ಮಾದರಿ ನೋಡಿ ಮಾರಾಟವಾದರೆ ಇಡೀ ಸರಕು ಆ ಮಾದರಿಯಂತೆಯೇ ಇರಬೇಕು. ಹೋಲಿಸಿ ನೋಡಲು ಕೊಳ್ಳುವವನಿಗೆ ಅವಕಾಶ ಸಿಗಬೇಕು. ಮಕ್ಕಳು ತಾವೇ ಹೇಳಿದ ಮಾತು ಕಾಯ್ದೆಯಲ್ಲಿ ಕೇಳಿಸಿದಾಗ ಅವರ ಮುಖ ನೋಡಬೇಕು.

ಆಮೇಲೆ ಕತೆಗೆ ಒಂದು ತಿರುವು ಕೊಡುತ್ತೇನೆ. ಕೊಂಡವನು ಚೀಲವನ್ನು ಗೋದಾಮಿಗೆ ಒಯ್ದು ತನ್ನ ಅಡಿಕೆಯ ಜೊತೆ ಬೆರೆಸಿಬಿಟ್ಟಿದ್ದಾನೆ. ಈಗ ವಾಪಸ್ ಕೊಡಬಹುದಾ? ಸಾಮಾನ್ಯವಾಗಿ ಇಲ್ಲ. ಸರಕು ತನ್ನದೇ ಎಂಬಂತೆ ನಡೆದುಕೊಂಡ ಮೇಲೆ ಅದನ್ನು ಒಪ್ಪಿಕೊಂಡ ಹಾಗೆ. ಆಗ ನಷ್ಟಕ್ಕೆ ಪರಿಹಾರ ಕೇಳಬಹುದು, ಅಷ್ಟೇ. ನ್ಯಾಯ ತನ್ನ ಕಡೆಗಿದ್ದರೂ ತಡ ಮಾಡಿ ಕಳೆದುಕೊಂಡವರನ್ನು ನನ್ನ ಕಚೇರಿಯಲ್ಲಿ ನೋಡುತ್ತಲೇ ಇರುತ್ತೇನೆ. ಹಾಗಾಗಿ ಈ ತಿರುವನ್ನು ಮಾತ್ರ ನಾನು ಎಂದೂ ಬಿಡುವುದಿಲ್ಲ.

ಕರಾವಳಿಯ ಶಾಲೆಗಳಲ್ಲಿ ಅಡಿಕೆ ಚೀಲದ ಬದಲು ಮೀನಿನ ಹರಾಜು. ಚೀಟಿಯ ಮೇಲೆ "ಒಂದು ಬುಟ್ಟಿ ಬಂಗಡೆ" ಎಂದು ಬರೆದರೆ ಸಾಕು. ಹರಾಜು ಮುಗಿಯಿತು ಎಂದು ಕೂಗುವವರೆಗೆ ಕೂಗಿದ ಬೆಲೆಯನ್ನು ಹಿಂದೆ ತೆಗೆದುಕೊಳ್ಳಬಹುದು. ಅದೇ ಕಾಯ್ದೆಯ 64ನೇ ಕಲಂ ಇದು. ಮಾರುವವನ ಕಡೆಯ ಒಬ್ಬಳನ್ನು ಗುಟ್ಟಾಗಿ ಕೊಳ್ಳುವವರ ನಡುವೆ ಕೂರಿಸಿ, ಸುಳ್ಳೇ ಬೆಲೆ ಏರಿಸಲು ಹೇಳಿರುತ್ತೇನೆ. ಮೊದಲೇ ತಿಳಿಸದೆ ಹಾಗೆ ಮಾಡುವುದು ಕಾನೂನಿಗೆ ವಿರುದ್ಧ. ಅವಳು ಯಾರೆಂದು ಮಕ್ಕಳು ಬೇಗ ಪತ್ತೆ ಹಚ್ಚುತ್ತಾರೆ.

ಅಣಕು ನ್ಯಾಯಾಲಯ ಮಾಡಿಸಿ ಎಂದು ಅನೇಕರು ಕೇಳುತ್ತಾರೆ. ನನಗೆ ಅದು ಅಷ್ಟು ಇಷ್ಟವಿಲ್ಲ. ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಅರ್ಧ ಸಮಯ ಕರಿ ಕೋಟು, "ಮೈ ಲಾರ್ಡ್" ಎನ್ನುವುದಕ್ಕೇ ಹೋಗುತ್ತದೆ. ಮಾತಾಡುವವರು ಇಬ್ಬರು, ಉಳಿದವರು ಪ್ರೇಕ್ಷಕರು. ವ್ಯಾಪಾರದ ಕಾನೂನಿನ ಬಹುಪಾಲು ಕೆಲಸ ಕೋರ್ಟಿಗೆ ಹೋಗುವ ಮೊದಲೇ ನಡೆಯುತ್ತದೆ. ಮಕ್ಕಳು ಕಲಿಯಬೇಕಾದ್ದು ಅದನ್ನೇ.

ನೀವೂ ಇಂಥ ತರಗತಿ ನಡೆಸುವುದಾದರೆ, ಹೋಂವರ್ಕ್‌ಗೆ ಒಂದು ಅಂಗಡಿ ಬಿಲ್ ತರಲು ಹೇಳಿ. "ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ" ಎಂದು ಅಚ್ಚಾಗಿದ್ದರೂ, ದೋಷವಿರುವ ಸರಕನ್ನು ವಾಪಸ್ ತೆಗೆದುಕೊಳ್ಳದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ಬಿಲ್‌ನಲ್ಲಿ ಅವಧಿ ಬರೆಯದಿದ್ದರೆ 30 ದಿನ. ಗ್ರಾಹಕ ಸಹಾಯವಾಣಿ 1915 ಎಂದೂ ಬರೆಸಿ.

ಹದಿನೆಂಟು ತುಂಬದವರು ಕರಾರು ಮಾಡುವಂತಿಲ್ಲ ಎಂದಾಗ ಪ್ರತಿ ಶಾಲೆಯಲ್ಲೂ ಒಂದು ಪ್ರಶ್ನೆ ಬರುತ್ತದೆ. "ಹಾಗಾದ್ರೆ ನಾವು ಸಾಲ ತಗೊಂಡು ಕೊಡದೇ ಇರಬಹುದಾ ಮೇಡಂ?" ನಗುವ ಪ್ರಶ್ನೆಯಲ್ಲ ಇದು. ಕಲ್ಕತ್ತಾದ ಧರ್ಮೋದಾಸ ಘೋಷ್ ಎಂಬ ಹುಡುಗನ ಪ್ರಕರಣದಲ್ಲಿ, ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1903ರಲ್ಲಿ ಉತ್ತರಿಸಿದ್ದು ಇದಕ್ಕೆ ಹತ್ತಿರದ ಪ್ರಶ್ನೆಗೇ. ಅವನು ಮಾಡಿಕೊಟ್ಟ ಅಡಮಾನ ಮೊದಲಿನಿಂದಲೇ ಅಸಿಂಧು ಎಂದಿತು. ಸಾಲ ಕೊಟ್ಟವರಿಗೆ ಹಣ ಮರಳಿಸಲೂ ಹೇಳಲಿಲ್ಲ. ಇದು ಸರಿಯಾ ಎಂದು ಮಕ್ಕಳನ್ನೇ ಕೇಳಿ, ಕಾಯಿರಿ. ಮೋಸ ಹೋಗುವ ಹುಡುಗನ ಪರ ಅರ್ಧ ತರಗತಿ, ದುಡ್ಡು ಕಳೆದುಕೊಂಡವನ ಪರ ಇನ್ನರ್ಧ.

ನನಗೆ ಅತಿ ಪ್ರೀತಿಯದು ಮಕ್ಕಳ ಸಂತೆ. ಎಷ್ಟೋ ಶಾಲೆಗಳಲ್ಲಿ ಅದು ಹೇಗೂ ನಡೆಯುತ್ತದೆ. ಅಂಗಡಿ ಹಾಕುವ ಪ್ರತಿ ಗುಂಪೂ ಹಿಂದಿನ ದಿನ ಒಂದು ಹಾಳೆಯಲ್ಲಿ ಪಾಲುದಾರಿಕೆ ಪತ್ರ ಬರೆಯಲಿ. ಕಾನೂನಿನಲ್ಲಿ ಅಪ್ರಾಪ್ತರು ಪಾಲುದಾರರಾಗುವಂತಿಲ್ಲ, ಇದು ಅಭ್ಯಾಸಕ್ಕೆ ಎಂದು ಮೊದಲೇ ತಿಳಿಸಿ. ಒಬ್ಬಳು ಇನ್ನೂರು ರೂಪಾಯಿ ಹಾಕಿದ್ದಾಳೆ, ಒಬ್ಬ ದಿನವಿಡೀ ನಿಂತು ಮಾರುತ್ತಾನೆ. ಲಾಭ ಹೇಗೆ ಹಂಚುತ್ತೀರಿ? ಏನೂ ಮಾತಾಡಿಕೊಳ್ಳದಿದ್ದರೆ 1932ರ ಪಾಲುದಾರಿಕೆ ಕಾಯ್ದೆ ಲಾಭ, ನಷ್ಟ ಎರಡನ್ನೂ ಸಮಪಾಲು ಮಾಡುತ್ತದೆ. ಇದನ್ನು ಕೇಳಿದ ಕೂಡಲೇ ಎಲ್ಲರೂ ಪೆನ್ನು ಎತ್ತಿಕೊಳ್ಳುತ್ತಾರೆ.

ಒಂದು ಗುಂಪು ಬರೆದದ್ದು ನನಗೆ ಇನ್ನೂ ನೆನಪಿದೆ. "ಮಳೆ ಬಂದು ಮಂಡಕ್ಕಿ ಮೆತ್ತಗಾದರೆ ನಷ್ಟ ನಾಲ್ವರಿಗೂ ಸಮ. ಮಾರುವಾಗ ತಿಂದದ್ದು ತಿಂದವರ ಲೆಕ್ಕಕ್ಕೆ." ತಾರೀಕು ಹಾಕಿರಲಿಲ್ಲ. ಹಾಕಿಸಿ, ನಾಲ್ವರಿಂದಲೂ ಸಹಿ ಮಾಡಿಸಿದೆ.