ಅಡಿಕೆ ದರದ ಅಂದಾಜು ಮತ್ತು ಅಳಿಸಿಹೋಗುವ ಹಳೆಯ ದಾಖಲೆ

ಶಿರಸಿಯ ಅಡಿಕೆ ವಹಿವಾಟಿನ ತಂತ್ರಾಂಶಕ್ಕೆ ಹಳೆಯ ದಾಖಲೆಗಳಿಂದ ಕಲಿತು ದರ ಅಂದಾಜಿಸುವ ಮಷಿನ್ ಲರ್ನಿಂಗ್ ಮಾದರಿಯನ್ನು ಜೋಡಿಸುವಾಗ ಚರ್ಚೆಯೆಲ್ಲ ಯಾವ ಮಾದರಿ ಎಂಬುದರ ಸುತ್ತ ನಡೆಯುತ್ತದೆ. ನನ್ನ ಅನುಭವದಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಮಾದರಿ ಮತ್ತು ಡೇಟಾಬೇಸಿನ ನಡುವಿನ ಜೋಡಣೆಯಲ್ಲಿ.

ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಬಗೆಗಳಾಗಿ ವಿಂಗಡಿಸಿದ ಅಡಿಕೆಯ ಪ್ರತಿ ಲಾಟಿಗೂ (ಒಟ್ಟಿಗೆ ಮಾರಾಟಕ್ಕಿಟ್ಟ ಸರಕಿಗೂ) ಟೆಂಡರಿಗೆ ಮೊದಲೇ ಅಂದಾಜು ದರ ಬೇಕು ಎಂದುಕೊಳ್ಳೋಣ. ಬೆಳಿಗ್ಗೆ ನಮೂದಾದ ತೂಕ ಅಥವಾ ದರ್ಜೆಯನ್ನು ಟೆಂಡರ್ ಮುಗಿದ ಮೇಲೆ ಸಿಬ್ಬಂದಿ ತಿದ್ದಿದರೆ, ಸಾಮಾನ್ಯ ಕೋಷ್ಟಕದಲ್ಲಿ ಹಳೆಯ ಮೌಲ್ಯ ಅಲ್ಲಿಗೇ ಅಳಿಸಿಹೋಗುತ್ತದೆ. ಮಾದರಿಯ ತರಬೇತಿ ನಡೆಯುವುದು ತಿದ್ದಿದ ಮೌಲ್ಯದ ಮೇಲೆ, ಆದರೆ ಅಂದಾಜಿನ ಹೊತ್ತಿಗೆ ಅದರ ಕೈಗೆ ಸಿಗುವುದು ತಿದ್ದದ ಮೌಲ್ಯ ಮಾತ್ರ; ಹೀಗಾಗಿ ಪರೀಕ್ಷೆಯಲ್ಲಿ ಅಚ್ಚುಕಟ್ಟಾಗಿ ನಡೆದ ಮಾದರಿ ಮಾರುಕಟ್ಟೆಯಲ್ಲಿ ಎಡವುತ್ತದೆ. ಆದ್ದರಿಂದ ಪ್ರತಿ ತಿದ್ದುಪಡಿಯೂ ಸಮಯದೊಡನೆ ಹೊಸ ಸಾಲಾಗಿ ಉಳಿಯಬೇಕು, ಮತ್ತು ತರಬೇತಿಗೆ ಟೆಂಡರಿಗೆ ಮೊದಲು ದಾಖಲಾದ ಸಾಲುಗಳನ್ನಷ್ಟೇ ಆಯ್ದುಕೊಳ್ಳಬೇಕು. ಡೇಟಾಬೇಸಿನೊಡನೆ ವ್ಯವಹರಿಸುವ ಭಾಷೆಯಾದ ಎಸ್‌ಕ್ಯೂಎಲ್‌ನ ಮಾನಕದಲ್ಲಿ ಹೀಗೆ ಹಳೆಯ ಮೌಲ್ಯ ಉಳಿಸಿಕೊಳ್ಳುವ ಕೋಷ್ಟಕಗಳಿಗೆ 2011ರಲ್ಲೇ ಜಾಗ ಸಿಕ್ಕಿದೆ. ಡೇಟಾಬೇಸ್ ತಂತ್ರಾಂಶಗಳಾದ ಎಸ್‌ಕ್ಯೂಎಲ್ ಸರ್ವರ್‌ನ 2016ರ ಆವೃತ್ತಿಯಲ್ಲೂ ಮರಿಯಾಡಿಬಿಯ 10.3 ಆವೃತ್ತಿಯಲ್ಲೂ ಈ ಸೌಲಭ್ಯ ಬಂತು. ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನಲ್ಲಿ ಟ್ರಿಗರ್ (ಸಾಲು ಬದಲಾದಾಗ ತಾನಾಗಿಯೇ ಓಡುವ ಪ್ರೋಗ್ರಾಂ) ಬರೆದು ಇದನ್ನು ಸಾಧಿಸಬಹುದು.

ಲೆಕ್ಕಾಚಾರದ ಸೂತ್ರವೂ ಒಂದೇ ಕಡೆ ಇರಲಿ. ‘ಕಳೆದ ಏಳು ದಿನಗಳ ಸರಾಸರಿ’ ಎಂಬುದನ್ನು ತರಬೇತಿಯ ಪೈಥಾನ್ ಪ್ರೋಗ್ರಾಂ ಕ್ಯಾಲೆಂಡರಿನ ಏಳು ದಿನಗಳೆಂದೂ ಡೇಟಾಬೇಸಿನ ಪ್ರಶ್ನೆ (ಕ್ವೆರಿ) ವಹಿವಾಟು ನಡೆದ ಏಳು ದಿನಗಳೆಂದೂ ತೆಗೆದುಕೊಂಡರೆ, ಹಬ್ಬದ ರಜೆ ಬಂದ ವಾರ ಅಂದಾಜು ದಾರಿ ತಪ್ಪುತ್ತದೆ.

ಮಾದರಿಯನ್ನು ಡೇಟಾಬೇಸಿನೊಳಗೇ ಓಡಿಸುವ ಸೌಲಭ್ಯ ಎಸ್‌ಕ್ಯೂಎಲ್ ಸರ್ವರ್‌ನಲ್ಲೂ ಗೂಗಲ್‌ನ ಡೇಟಾಬೇಸ್ ಸೇವೆ ಬಿಗ್‌ಕ್ವೆರಿಯಲ್ಲೂ ಇದೆ, ಮತ್ತು ವಿಶ್ಲೇಷಣೆಗೆಂದೇ ಮೀಸಲಾದ ಡೇಟಾಬೇಸಿಗೆ ಅದು ಒಳ್ಳೆಯದೇ. ಬಿಲ್ ಮಾಡುವ ಡೇಟಾಬೇಸಿನಲ್ಲಿ ಮಾತ್ರ ಬೇಡ ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ವಹಿವಾಟಿನ ನಡುವೆ ಮಾದರಿಯ ಉತ್ತರಕ್ಕಾಗಿ ಕಾಯುವಷ್ಟು ಹೊತ್ತೂ ಕೋಷ್ಟಕದ ಸಾಲುಗಳ ಮೇಲಿನ ಬೀಗ (ಬೇರೆಯವರು ಅವನ್ನು ತಿದ್ದದಂತೆ ಡೇಟಾಬೇಸ್ ಹಾಕುವ ತಡೆ) ತೆರೆಯುವುದಿಲ್ಲ, ಕೌಂಟರಿನ ಮುಂದೆ ರೈತರು ನಿಂತೇ ಇರಬೇಕಾಗುತ್ತದೆ. ಡೇಟಾಬೇಸಿನ ಪ್ರತಿಕೃತಿಯಿಂದ ಓದುವ ಪ್ರತ್ಯೇಕ ಸೇವೆಯೊಂದು ಟೆಂಡರಿಗೆ ಮೊದಲೇ ಎಲ್ಲ ಲಾಟುಗಳ ಅಂದಾಜನ್ನು ಒಟ್ಟಿಗೆ ಬರೆದಿಟ್ಟರೆ ಸಾಕು.

ಆ ಅಂದಾಜುಗಳಿಗೆ ಬೇರೆಯೇ ಕೋಷ್ಟಕವಿರಬೇಕು. ಲಾಟಿನ ಗುರುತು, ಮಾದರಿಯ ಆವೃತ್ತಿ, ಸಮಯ, ಬಳಸಿದ ಮೌಲ್ಯಗಳು ಅದರಲ್ಲಿದ್ದರೆ, ನಿಜವಾದ ದರದೊಡನೆ ಹೋಲಿಸಿ ವ್ಯತ್ಯಾಸ ಅಳೆಯಬಹುದು. ಹೊಸ ಆವೃತ್ತಿಯೂ ಹಳೆಯದರ ಜೊತೆಗೇ ಅಲ್ಲಿ ಬರೆಯುತ್ತಿರಲಿ, ಆದರೆ ರೈತರಿಗೆ ತೋರಿಸುವುದು ಹಳೆಯದನ್ನೇ ಆಗಿರಲಿ. ಹಸಿ ಅಡಿಕೆ ಬೇಯಿಸಿ ಮಾಡುವ ರಾಶಿಯೂ ಹಣ್ಣಡಿಕೆ ಒಣಗಿಸಿ ಮಾಡುವ ಚಾಲಿಯೂ ಮಾರುಕಟ್ಟೆಗೆ ಬರುವ ಕಾಲ ಬೇರೆಯಾದ್ದರಿಂದ, ಎರಡರ ಸುಗ್ಗಿಯೂ ಮುಗಿಯುವ ತನಕ ಈ ಜೋಡಿ ಓಟ ನಡೆಯಬೇಕು.